ಕಚ್ಚಾ ಸೇರು, ಪಕ್ಕಾ ಸೇರು: ಗಣಕಯಂತ್ರದ ಪೆಟ್ಟಿಗೆಯ ಮೇಲಿನ ಅಂಕಿಗಳ ಚರಿತ್ರೆ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಕಾವ್ಯ, ಸಂಗೀತ, ಶಾಸನಗಳನ್ನು ಕುರಿತು ವಿದ್ವಾಂಸರು ಮಾತನಾಡುತ್ತಾರೆಂಬುದನ್ನು ನಾವು ಬಲ್ಲೆವು. ಅಂಥಲ್ಲಿ ಗಣಕಯಂತ್ರದ ಪೆಟ್ಟಿಗೆಯ ಮೇಲೆ ಅಚ್ಚಾಗುವ ಅಂಕಿಗಳನ್ನು ಕುರಿತು ಮಾತನಾಡ ಹೊರಟಿರುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಇಲ್ಲಿ ನೆರೆದಿರುವವರಲ್ಲಿ ಬಹಳ ಮಂದಿ ಈ ಯಂತ್ರಗಳನ್ನು ನಂಬಿಯೇ ಕಡಲು ದಾಟಿದವರು. ಊರಿನಲ್ಲಿ ಯಾರು ಕಂಪ್ಯೂಟರ್ ಕೊಳ್ಳಲು ಹೊರಟರೂ "ಅಮೆರಿಕದಲ್ಲಿರುವವನನ್ನು ಒಂದು ಮಾತು ಕೇಳಿಬಿಡೋಣ" ಎಂಬ ವಾಡಿಕೆಯೊಂದು ಆ ಕಾಲದಲ್ಲಿ ಇತ್ತು. ಹಾಗೆ ಸಲಹೆ ಕೊಟ್ಟು ನಾವು ತಲೆ ತಗ್ಗಿಸಬೇಕಾಗಿ ಬಂದ ಪ್ರಸಂಗವೊಂದರಿಂದಲೇ ಈ ಚರಿತ್ರೆಯನ್ನು ಆರಂಭಿಸುತ್ತೇವೆ.

1998ರ ಮಾತು. ಮೈಸೂರಿನಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡು ಲಗ್ನಪತ್ರಿಕೆ, ಕರಪತ್ರಗಳನ್ನು ಮಾಡಿಕೊಡುತ್ತಿದ್ದ ನಮ್ಮ ಚಿಕ್ಕಪ್ಪನ ಮಗ ಸಾಲ ಮಾಡಿ ಹೊಸ ಹಾರ್ಡ್ ಡಿಸ್ಕ್ ಕೊಳ್ಳುವವನಿದ್ದ. 4.3 ಗಿಗಾಬೈಟಿನದನ್ನು ತೆಗೆದುಕೋ ಎಂದು ನಾವು ಹೇಳಿದೆವು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಅದನ್ನೇ ತಂದ. ಯಂತ್ರಕ್ಕೆ ಜೋಡಿಸಿದರೆ ಪರದೆಯ ಮೇಲೆ ಕಂಡದ್ದು ನಾಲ್ಕು ಗಿಗಾಬೈಟು ಮಾತ್ರ. ಮರುದಿನವೇ ಬಸ್ಸು ಹತ್ತಿ ಬೆಂಗಳೂರಿಗೆ ಹೋದವನು ನಾಲ್ಕು ಜನ ಗಿರಾಕಿಗಳ ಎದುರಿಗೆ ಅಂಗಡಿಯವರನ್ನು ಕಳ್ಳ ಎಂದು ಬಯ್ದು ಬಂದ. ಆ ರಾತ್ರಿ ದೂರವಾಣಿಯ ಬೂತಿನಿಂದ ನಮಗೆ ಕರೆ ಬಂತು: "ಅಣ್ಣಾ, ಮುನ್ನೂರು ಎಂಬಿ ನುಂಗಿಬಿಟ್ಟಿದ್ದಾನೆ ಅವನು!"

ಯಾರೂ ಏನನ್ನೂ ನುಂಗಿರಲಿಲ್ಲ. ಪೆಟ್ಟಿಗೆಯ ಮೇಲಿನ ಗಿಗಾಬೈಟು ಒಂದು, ಪರದೆಯ ಮೇಲಿನ ಗಿಗಾಬೈಟು ಇನ್ನೊಂದು. ನಾವು ಅದನ್ನು ವಿವರಿಸಿದಾಗ ಆತ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಮನುಷ್ಯನನ್ನು ಸುಮ್ಮಸುಮ್ಮನೆ ಕಳ್ಳ ಅಂದುಬಿಟ್ಟೆನಲ್ಲ. ನಿಮಗೆ ಮೊದಲೇ ಗೊತ್ತಿತ್ತಾ?" ಎಂದ. ಗೊತ್ತಿತ್ತು. ಈ ವೃತ್ತಿಯಲ್ಲಿರುವ ಯಾರಿಗೆ ತಾನೇ ಗೊತ್ತಿಲ್ಲ? ಎಲ್ಲರಿಗೂ ಗೊತ್ತಿರುವುದರಿಂದಲೇ ನಾವು ಯಾರೂ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಅವನಿಗೆ ಅರ್ಥವಾದದ್ದು ಅಜ್ಜಿಯ ಕಾಲದ ಸೇರಿನ ದೃಷ್ಟಾಂತದಿಂದ. ಹಳೆಯ ಮೈಸೂರಿನಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡಿದ್ದವು. ಹೆಸರು ಒಂದೇ, ತೂಕ ಬೇರೆ. ಅಳತೆ ಊರಿನಿಂದ ಊರಿಗೂ ಬದಲಾಗುತ್ತಿತ್ತು. ಸಂತೆಯಲ್ಲಿ ಬೆಲೆ ಕೇಳುವ ಮುನ್ನ ಯಾವ ಸೇರು ಎಂದು ಕೇಳುವುದು ಗೃಹಿಣಿಯರ ಮೊದಲ ಪಾಠವಾಗಿತ್ತು. ಭಾರತ ಸರ್ಕಾರವು 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯನ್ನು ತಂದು ಕಿಲೋಗ್ರಾಮನ್ನು ಜಾರಿಗೊಳಿಸಿದ ಮೇಲೆಯೇ ಈ ಗೊಂದಲ ಕ್ರಮೇಣ ಅಡಗಿತು. ಗಣಕಗಳ ಲೋಕದಲ್ಲಿ ನಡೆದದ್ದು ಇದರ ವಿಪರ್ಯಾಸ. ಅಲ್ಲಿ ಇದ್ದ ಒಂದು ಅಳತೆಯೇ ಎರಡಾಯಿತು.

'ಕಿಲೋ' ಎಂಬುದು 1795ರ ಫ್ರೆಂಚ್ ಮಾನಪದ್ಧತಿಯಿಂದ ಬಂದ ಉಪಸರ್ಗ. ಅದರ ಅರ್ಥ ಸಾವಿರ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆದರೆ ಗಣಕದ ಮೆಮೊರಿಯು ದ್ವಿಮಾನ ಪದ್ಧತಿಯಲ್ಲಿ ವಿಳಾಸಗೊಂಡಿರುತ್ತದೆ. ವಿಳಾಸದ ತಂತಿಯೊಂದು ಹೆಚ್ಚಾದರೆ ಮನೆಗಳ ಸಂಖ್ಯೆ ಎರಡು ಪಟ್ಟಾಗುತ್ತದೆ: ಎರಡು, ನಾಲ್ಕು, ಎಂಟು, ಹೀಗೆ ಹತ್ತು ತಂತಿಗಳಿಗೆ 1024. ಇದು ಸಾವಿರಕ್ಕೆ ಎಷ್ಟು ಸಮೀಪವೆಂದರೆ, ಎಂಜಿನಿಯರುಗಳು ಮಾತಿನ ಅನುಕೂಲಕ್ಕಾಗಿ ಇದನ್ನೇ ಕಿಲೋ ಎಂದು ಕರೆಯತೊಡಗಿದರು. ಸಾವಿರಕ್ಕೆ ಇಪ್ಪತ್ತನಾಲ್ಕು ಹೆಚ್ಚಾದರೆ ಯಾರ ಮನೆಯೂ ಮುಳುಗುವುದಿಲ್ಲವೆಂದು ಆಗ ತೋರಿತು.

ಡಿಸ್ಕಿಗೆ ಅಂಥ ನಿರ್ಬಂಧವಿಲ್ಲ. ತಟ್ಟೆಯ ಮೇಲೆ ಎಷ್ಟು ವರ್ತುಲಗಳು, ವರ್ತುಲಕ್ಕೆ ಎಷ್ಟು ಖಂಡಗಳು ಎಂಬುದು ಯಂತ್ರ ಕಟ್ಟುವವರ ಕೌಶಲಕ್ಕೆ ಬಿಟ್ಟದ್ದು. 1956ರಲ್ಲಿ ಐ.ಬಿ.ಎಂ. ಹೊರತಂದ ರ‍್ಯಾಮ್ಯಾಕ್ ಯಂತ್ರದ ಡಿಸ್ಕ್ ಘಟಕದಲ್ಲಿ ಇಪ್ಪತ್ತನಾಲ್ಕು ಇಂಚು ವ್ಯಾಸದ ಐವತ್ತು ತಟ್ಟೆಗಳಿದ್ದು, ಅದರ ಧಾರಣಶಕ್ತಿ ಐವತ್ತು ಲಕ್ಷ ಅಕ್ಷರಗಳೆಂದು ದಶಮಾನದಲ್ಲಿಯೇ ಹೇಳಲಾಗಿತ್ತು. ಹೀಗೆ ಒಂದೇ ಪೆಟ್ಟಿಗೆಯೊಳಗೆ ಮೆಮೊರಿಯವರ ಕಿಲೋ ಒಂದು, ಡಿಸ್ಕಿನವರ ಕಿಲೋ ಇನ್ನೊಂದು ಆಗಿ, ಎರಡೂ ಒಂದನ್ನೊಂದು ಮುಖ ನೋಡದ ದಾಯಾದಿಗಳಂತೆ ಸಂಸಾರ ಹೂಡಿದವು.

ಈ ಗೊಂದಲದ ಶಿಖರಪ್ರಾಯವಾದ ವಸ್ತು ನಮ್ಮೆಲ್ಲರ ಜೇಬಿನಲ್ಲಿಯೇ ಇತ್ತು. 1987ರಲ್ಲಿ ಐ.ಬಿ.ಎಂ.ನ ಪಿ.ಎಸ್./2 ಯಂತ್ರಗಳೊಂದಿಗೆ ಜನಪ್ರಿಯವಾದ ಮೂರೂವರೆ ಇಂಚಿನ ಫ್ಲಾಪಿಯನ್ನು ತಾವು ಮರೆತಿರಲಾರಿರಿ. ಅದರ ಮೇಲೆ 1.44 ಮೆಗಾಬೈಟು ಎಂದು ಬರೆದಿರುತ್ತಿತ್ತು. ಎರಡು ಮುಖ, ಮುಖಕ್ಕೆ ಎಂಬತ್ತು ವರ್ತುಲ, ವರ್ತುಲಕ್ಕೆ ಹದಿನೆಂಟು ಖಂಡ, ಖಂಡಕ್ಕೆ 512 ಬೈಟುಗಳು. ಗುಣಿಸಿದರೆ 14,74,560 ಬೈಟುಗಳಾಗುತ್ತವೆ. ದಶಮಾನದ ಲೆಕ್ಕದಲ್ಲಿ ಇದು 1.47 ಮೆಗಾಬೈಟು. ದ್ವಿಮಾನದ ಲೆಕ್ಕದಲ್ಲಿ 1.41ಕ್ಕಿಂತ ತುಸು ಕಡಿಮೆ. ಹಾಗಾದರೆ 1.44 ಎಲ್ಲಿಂದ ಬಂತು? ಮೊದಲು 1024ರಿಂದ ಭಾಗಿಸಿ 1440 ಎಂದು ಪಡೆದು, ಅನಂತರ ಅದನ್ನು ಸಾವಿರದಿಂದ ಭಾಗಿಸಿದ್ದಾರೆ! ಅರ್ಧ ಕಚ್ಚಾ, ಅರ್ಧ ಪಕ್ಕಾ ಆದ ಈ ಮೂರನೆಯ ಮೆಗಾಬೈಟು ಜಗತ್ತಿನ ಯಾವ ಮಾನಪದ್ಧತಿಯಲ್ಲಿಯೂ ಇಲ್ಲ. ಕೋಟಿಗಟ್ಟಲೆ ಫ್ಲಾಪಿಗಳ ಮೇಲೆ ಅದು ಅಚ್ಚಾಯಿತು. ಯಾರೊಬ್ಬರೂ ಮೊಕದ್ದಮೆ ಹೂಡಲಿಲ್ಲ.

ಉಪಸರ್ಗ ದೊಡ್ಡದಾದಂತೆ ಎರಡು ಲೆಕ್ಕಗಳ ನಡುವಣ ಕಂದಕವೂ ದೊಡ್ಡದಾಗುತ್ತದೆ. ಕಿಲೋದಲ್ಲಿ ನೂರಕ್ಕೆ 2.4ರಷ್ಟಿದ್ದ ವ್ಯತ್ಯಾಸ ಮೆಗಾದಲ್ಲಿ ಸುಮಾರು 4.9, ಗಿಗಾದಲ್ಲಿ 7.4, ಟೆರಾಕ್ಕೆ ಬರುವ ವೇಳೆಗೆ ಹತ್ತಿರ ಹತ್ತಿರ ಹತ್ತು. ಕಿಲೋಬೈಟುಗಳ ಕಾಲದ ಸೋಮಾರಿತನವು ಗಿಗಾಬೈಟುಗಳ ಕಾಲದಲ್ಲಿ ವ್ಯಾಜ್ಯವಾಗಿ ಪರಿಣಮಿಸಿತು. 1998ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್‍ತಾಂತ್ರಿಕ ಆಯೋಗವು 1024ರ ಗುಣಕಗಳಿಗೆ ಕಿಬಿ, ಮೆಬಿ, ಗಿಬಿ ಎಂಬ ಹೊಸ ಹೆಸರುಗಳನ್ನೇ ಅಂಗೀಕರಿಸಿತು. ತರ್ಕಬದ್ಧವಾದ ಪರಿಹಾರವೇ ಸರಿ. ಆದರೆ ಮಕ್ಕಳ ತೊದಲುನುಡಿಯಂತಿರುವ ಆ ಹೆಸರುಗಳನ್ನು ಯಾವ ವ್ಯಾಪಾರಿಯೂ ಪೆಟ್ಟಿಗೆಯ ಮೇಲೆ ಹಾಕಿಸಲು ಉತ್ಸಾಹ ತೋರಲಿಲ್ಲ.

ಕೊನೆಗೆ ಈ ವಿವಾದ ಅಮೆರಿಕದ ನ್ಯಾಯಾಲಯಗಳನ್ನು ತಲುಪಿತು. 2006ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯು ಸಾಮೂಹಿಕ ದಾವೆಯೊಂದನ್ನು ರಾಜಿಯಿಂದ ಮುಗಿಸಿ, ಗ್ರಾಹಕರಿಗೆ ಕಡತಗಳ ಪ್ರತಿ ಕಾಯ್ದಿಡುವ ತಂತ್ರಾಂಶವನ್ನು ಉಚಿತವಾಗಿ ಕೊಡಲು ಒಪ್ಪಿಕೊಂಡಿತು. ಮರುವರ್ಷ ಸೀಗೇಟ್ ಕಂಪನಿಯು ಅಂಥದೇ ದಾವೆಯಲ್ಲಿ, ಬೆಲೆಯ ನೂರಕ್ಕೆ ಐದರಷ್ಟನ್ನು ಹಿಂದಿರುಗಿಸಲು ಅಥವಾ ತಂತ್ರಾಂಶ ಕೊಡಲು ಒಪ್ಪಿತು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಈ ವಿಷಯದಲ್ಲಿ ಡಿಸ್ಕ್ ತಯಾರಕರ ಕಡೆಗೇ ನ್ಯಾಯವಿತ್ತು. ಕಿಲೋ ಎಂದರೆ ಸಾವಿರವೆಂದು ಹೇಳಿದವರು ಅವರು. ತಪ್ಪು ಲೆಕ್ಕವನ್ನು ಪರದೆಯ ಮೇಲೆ ತೋರಿಸಿದ್ದು ತಂತ್ರಾಂಶ. ಆದರೆ ತಯಾರಕರು ಸತ್ಯವನ್ನು ಹಿಡಿದದ್ದು ಸತ್ಯಪ್ರೇಮದಿಂದ ಮಾತ್ರವೇ ಎಂದು ನಂಬುವುದು ಕಷ್ಟ. ಆ ಸತ್ಯವು ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿಯನ್ನು ಕೊಡುತ್ತಿತ್ತು. ಆ್ಯಪಲ್ ಕಂಪನಿ 2009ರಲ್ಲಿ ತನ್ನ ಯಂತ್ರಗಳಲ್ಲಿ ಡಿಸ್ಕಿನ ಲೆಕ್ಕವನ್ನು ದಶಮಾನಕ್ಕೆ ತಿರುಗಿಸಿತು. ವಿಂಡೋಸ್ ಮಾತ್ರ ಇಂದಿಗೂ 1024ರಿಂದಲೇ ಭಾಗಿಸುತ್ತ, ಒಂದು ಟೆರಾಬೈಟಿನ ಡಿಸ್ಕನ್ನು 931 ಗಿಗಾಬೈಟು ಎಂದು ತೋರಿಸುತ್ತದೆ.

ನಮ್ಮ ತಮ್ಮ ಮುಂದಿನ ಸಲ ಬೆಂಗಳೂರಿಗೆ ಹೋದಾಗ ಆ ಅಂಗಡಿಗೆ ಹೋಗಿ ಕ್ಷಮೆ ಕೇಳಿದ. ಅಂಗಡಿಯವರು ಕೋಪಿಸಿಕೊಳ್ಳಲಿಲ್ಲವಂತೆ. "ವಾರಕ್ಕೆ ಇಬ್ಬರು ಮೂವರಾದರೂ ಹೀಗೆ ಬಂದು ಬಯ್ದು ಹೋಗುತ್ತಾರೆ ಸಾರ್, ಕ್ಷಮೆ ಕೇಳೋಕೆ ವಾಪಸ್ಸು ಬಂದವರು ನೀವೇ ಮೊದಲು" ಎಂದು ಕಾಫಿ ತರಿಸಿದರಂತೆ. ತಯಾರಕರಿಗೂ ತಂತ್ರಾಂಶದವರಿಗೂ ನಡುವಿನ ಭಾಷಾಭೇದಕ್ಕೆ ಬೈಗುಳ ತಿಂದವರು ಕೌಂಟರಿನ ಹಿಂದೆ ನಿಂತ ಇಂಥವರು.

ಇನ್ನು ಮಾನಿಟರಿನ ಇಂಚುಗಳ ಕಥೆ. ನಾವು ಈ ದೇಶದಲ್ಲಿ ಕೊಂಡ ಮೊದಲ ಹದಿನೈದು ಇಂಚಿನ ಮಾನಿಟರನ್ನು ಮನೆಯಾಕೆಯ ಹೊಲಿಗೆಯ ಟೇಪಿನಿಂದ ಅಳೆದು ನೋಡಿದಾಗ, ಬೆಳಕು ಮೂಡುವ ಜಾಗ ಮೂಲೆಯಿಂದ ಮೂಲೆಗೆ ಹದಿನಾಲ್ಕು ಇಂಚೂ ಇರಲಿಲ್ಲ. ಆ ಕಾಲದ ಹದಿನೈದು ಇಂಚಿನ ಮಾನಿಟರುಗಳಲ್ಲಿ ಕಾಣುವ ಭಾಗ ಸಾಮಾನ್ಯವಾಗಿ 13.8 ಇಂಚು, ಉಳಿದದ್ದು ಪ್ಲಾಸ್ಟಿಕ್ ಚೌಕಟ್ಟಿನ ಹಿಂದೆ ಅಡಗಿದ ಗಾಜು. ಕರ್ಣರೇಖೆಯಲ್ಲಿ ಒಂದಿಂಚು ಚಿಲ್ಲರೆ ಹೋದರೆ ವಿಸ್ತೀರ್ಣದಲ್ಲಿ ನೂರಕ್ಕೆ ಹದಿನೈದರಷ್ಟು ಹೋಯಿತು. ಗಾಜಿನ ಕೊಳವೆಯನ್ನು ಅಳೆದು ಹೇಳುವ ರೂಢಿ ಟೆಲಿವಿಷನ್ ಕಾಲದಿಂದ ಬಂದದ್ದು. ಸೋಜಿಗವೆಂದರೆ, ಟೆಲಿವಿಷನ್ ವಿಷಯದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1966ರಲ್ಲಿಯೇ, ಕಾಣುವ ಚಿತ್ರದ ಅಳತೆಯನ್ನೇ ಹೇಳತಕ್ಕದ್ದೆಂದು ನಿಯಮ ಮಾಡಿತ್ತು. ಮಾನಿಟರು ಟೆಲಿವಿಷನ್ ಅಲ್ಲವೆಂಬ ಕಾರಣಕ್ಕೆ ಅದೇ ಗಾಜು ಇನ್ನೊಂದು ಪೆಟ್ಟಿಗೆಯೊಳಗೆ ಹೊಕ್ಕು ನಿಯಮದಿಂದ ಪಾರಾಯಿತು. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಮೊಕದ್ದಮೆಯ ಫಲವಾಗಿ ಕಾಣುವ ಭಾಗದ ಅಳತೆಯನ್ನೂ ಜಾಹೀರಾತಿನಲ್ಲಿ ಮುದ್ರಿಸುವುದು ಅನಿವಾರ್ಯವಾಯಿತು. ಸಾಮೂಹಿಕ ದಾವೆಯ 1997ರ ರಾಜಿಯಲ್ಲಿ ಗ್ರಾಹಕನಿಗೆ ದೊರೆತದ್ದು ಹೊಸ ಮಾನಿಟರಿನ ಮೇಲೆ ಹದಿಮೂರು ಡಾಲರ್ ರಿಯಾಯಿತಿ, ಇಲ್ಲವೇ ಕಾಯುವ ತಾಳ್ಮೆಯಿದ್ದವರಿಗೆ ಆರು ಡಾಲರ್ ನಗದು. ಕಳೆದುಹೋದ ಇಂಚಿಗೆ ಪರಿಹಾರ ಬೇಕಾದರೆ ಅವರಿಂದಲೇ ಇನ್ನೊಂದು ಮಾನಿಟರು ಕೊಳ್ಳಬೇಕು!

ಆದರೆ ಈ ಚರಿತ್ರೆಯ ಮಹಾಪರ್ವವೆಂದರೆ ಮೆಗಾಹರ್ಟ್ಸಿನದು. 1981ರ ಐ.ಬಿ.ಎಂ. ಪಿ.ಸಿ.ಯ ಹೃದಯ ಸೆಕೆಂಡಿಗೆ 47 ಲಕ್ಷ 70 ಸಾವಿರ ಬಾರಿ ಮಿಡಿಯುತ್ತಿತ್ತು, ಅಂದರೆ 4.77 ಮೆಗಾಹರ್ಟ್ಸ್. ಮಿಡಿತ ಹೆಚ್ಚಿದಷ್ಟೂ ಯಂತ್ರ ವೇಗವಾಗಿ ಓಡುತ್ತದೆಂಬುದು ಒಂದೇ ಕುಲದ ಚಿಪ್ಪುಗಳಲ್ಲಿ ಬಹುಮಟ್ಟಿಗೆ ನಿಜ. ಆದರೆ ಒಂದು ಮಿಡಿತಕ್ಕೆ ಎಷ್ಟು ಕೆಲಸ ನಡೆಯುತ್ತದೆಂಬುದನ್ನು ಕೇಳದೆ ಮಿಡಿತವನ್ನಷ್ಟೇ ಎಣಿಸುವುದು, ಹೆಜ್ಜೆಯ ಉದ್ದ ನೋಡದೆ ಹೆಜ್ಜೆ ಎಣಿಸಿ ದಾರಿ ಅಳೆದಂತೆ. 1990ರ ದಶಕದ ಕಂಪ್ಯೂಟರ್ ಪೆಟ್ಟಿಗೆಗಳ ಮುಖದ ಮೇಲೆ ಕೆಂಪು ಅಥವಾ ಹಸಿರು ದೀಪಗಳಲ್ಲಿ 33, 66 ಎಂದು ಹೊಳೆಯುತ್ತಿದ್ದ ಅಂಕಿಯನ್ನು ತಾವು ನೋಡಿರಬೇಕು. ಅನೇಕರು ಅದನ್ನು ಕಾರಿನ ವೇಗಮಾಪಕದಂತೆ ಭಾವಿಸಿದ್ದರು. ಆ ದೀಪ ಏನನ್ನೂ ಅಳೆಯುತ್ತಿರಲಿಲ್ಲ. ಪೆಟ್ಟಿಗೆಯ ಒಳಗಿನ ಪುಟ್ಟ ಜಂಪರುಗಳನ್ನು ಜೋಡಿಸುವವನು ಹೇಗೆ ಇಟ್ಟನೋ ಹಾಗೆ ಅದು ಉರಿಯುತ್ತಿತ್ತು. ಇಟ್ಟರೆ 99 ಎಂದೂ ತೋರಿಸುತ್ತಿತ್ತು.

ಅಕ್ಷರಗಳ ಗೊಂದಲ ಇದಕ್ಕಿಂತ ಸೂಕ್ಷ್ಮವಾದದ್ದು. ಇಂಟೆಲ್ ಕಂಪನಿಯ 386 ಚಿಪ್ಪಿನಲ್ಲಿ ಎಸ್‌ಎಕ್ಸ್ ಎಂದರೆ ಹೊರಗಿನ ದತ್ತಾಂಶದ ದಾರಿ ಅರ್ಧ ಕಿರಿದು ಎಂದರ್ಥ. 486ರಲ್ಲಿ, 1991ರಲ್ಲಿ ಬಂದ ಅದೇ ಎಸ್‌ಎಕ್ಸ್ ಎಂದರೆ ದಶಾಂಶ ಗಣಿತದ ಘಟಕವಿಲ್ಲ ಎಂದರ್ಥ. ವಾಸ್ತವವಾಗಿ ಮೊದಮೊದಲ ಎಸ್‌ಎಕ್ಸ್ ಚಿಪ್ಪುಗಳಲ್ಲಿ ಆ ಘಟಕ ಇದ್ದೇ ಇತ್ತು, ಅದನ್ನು ನಿಷ್ಕ್ರಿಯಗೊಳಿಸಿದ್ದರು. ಗಣಿತದ ಶಕ್ತಿ ಬೇಕೆಂದವರಿಗೆ 487 ಎಂಬ 'ಸಹಾಯಕ' ಚಿಪ್ಪನ್ನು ಮಾರಿದರು. ಆ ಸಹಾಯಕ ಮೂಲತಃ ಒಂದು ಪೂರ್ಣ ಪ್ರಮಾಣದ 486 ಆಗಿದ್ದು, ಬಂದು ಕುಳಿತ ಕೂಡಲೇ ಹಳೆಯ ಯಜಮಾನನ ಬಾಯಿ ಕಟ್ಟಿ ಇಡೀ ಸಂಸಾರವನ್ನು ತಾನೇ ನಡೆಸುತ್ತಿತ್ತು! ಡಿಎಕ್ಸ್2 ಎಂದರೆ ಮಿಡಿತ ಎರಡು ಪಟ್ಟು. ಡಿಎಕ್ಸ್4 ಎಂದರೆ ನಾಲ್ಕು ಪಟ್ಟಾಗಬೇಕಷ್ಟೆ? ಅಲ್ಲ, ಮೂರು ಪಟ್ಟು. 33ನ್ನು ಮೂರರಿಂದ ಗುಣಿಸಿ ನೂರು ಎಂದರು.

ಎದುರಾಳಿಗಳು ಇನ್ನೊಂದು ದಾರಿ ಹಿಡಿದರು. ಸೈರಿಕ್ಸ್, ಎ.ಎಂ.ಡಿ., ಐ.ಬಿ.ಎಂ. ಮತ್ತು ಎಸ್.ಜಿ.ಎಸ್.-ಥಾಮ್ಸನ್ ಕಂಪನಿಗಳು 1996ರಲ್ಲಿ 'ಪಿ-ರೇಟಿಂಗ್' ಎಂಬ ಸಮಾನಾಂಕವನ್ನು ಜಾರಿಗೆ ತಂದವು. ಸೈರಿಕ್ಸಿನ ಪಿ.ಆರ್. 200 ಪ್ಲಸ್ ಎಂಬ ಚಿಪ್ಪು ಮಿಡಿಯುತ್ತಿದ್ದುದು 150 ಮೆಗಾಹರ್ಟ್ಸಿನಲ್ಲಿ. ಆದರೆ ಕಚೇರಿಯ ಕೆಲಸದಲ್ಲಿ ಅದು 200 ಮೆಗಾಹರ್ಟ್ಸಿನ ಪೆಂಟಿಯಮ್ಮಿಗೆ ಸಮವೆಂದು ಹೇಳಿಕೆ. ತಾತ್ವಿಕವಾಗಿ ನೋಡಿದರೆ ಇದು ಮಿಡಿತದ ಎಣಿಕೆಗಿಂತ ಪ್ರಾಮಾಣಿಕವಾದ ಪ್ರಯತ್ನ, ಏಕೆಂದರೆ ಇಲ್ಲಿ ಅಳೆದದ್ದು ಆದ ಕೆಲಸವನ್ನು. ದುರದೃಷ್ಟವಶಾತ್ ಅಳೆಯಲು ಬಳಸಿದ್ದು ಪತ್ರ, ಲೆಕ್ಕಪಟ್ಟಿಗಳಂಥ ಕಚೇರಿ ತಂತ್ರಾಂಶವನ್ನು. ಸೈರಿಕ್ಸ್ ಚಿಪ್ಪು ದಶಾಂಶ ಗಣಿತದಲ್ಲಿ ದುರ್ಬಲವಾದ್ದರಿಂದ, ಮೂರು ಆಯಾಮದ ಆಟಗಳು ಬಂದ ಕೂಡಲೇ 200 ಎಂಬ ಅಂಕಿ ತಲೆಕೆಳಗಾಯಿತು. ಮೂಲಮಾನವಿಲ್ಲದ ಅಂಕಿಯನ್ನು ಪ್ರಶ್ನಿಸುವುದಾದರೂ ಹೇಗೆ?

2000ದ ನವೆಂಬರಿನಲ್ಲಿ ಇಂಟೆಲ್ ಕಂಪನಿ ಪೆಂಟಿಯಂ 4ನ್ನು ಬಿಡುಗಡೆ ಮಾಡಿತು. ಕೆಲಸವನ್ನು ಇಪ್ಪತ್ತು ಸಣ್ಣ ಹಂತಗಳಾಗಿ ಒಡೆದು, ಮಿಡಿತವನ್ನು ಏರಿಸುವುದೇ ಅದರ ವಿನ್ಯಾಸದ ಗುರಿಯಾಗಿತ್ತು. ಮೊದಲ 1.5 ಗಿಗಾಹರ್ಟ್ಸಿನ ಪೆಂಟಿಯಂ 4 ಕೆಲವು ಕೆಲಸಗಳಲ್ಲಿ ಅದೇ ಕಂಪನಿಯ ಒಂದು ಗಿಗಾಹರ್ಟ್ಸಿನ ಪೆಂಟಿಯಂ 3ಕ್ಕಿಂತ ಹಿಂದೆ ಬಿತ್ತು. 2001ರ ಜುಲೈನಲ್ಲಿ ಆ್ಯಪಲ್ ಕಂಪನಿಯವರು ವೇದಿಕೆಯ ಮೇಲೆ 867 ಮೆಗಾಹರ್ಟ್ಸಿನ ತಮ್ಮ ಯಂತ್ರವನ್ನು 1.7 ಗಿಗಾಹರ್ಟ್ಸಿನ ಪೆಂಟಿಯಂ 4ರೊಡನೆ ಸ್ಪರ್ಧೆಗಿಳಿಸಿ 'ಮೆಗಾಹರ್ಟ್ಸ್ ಮಿಥ್ಯೆ' ಎಂದು ಉಪನ್ಯಾಸ ಮಾಡಿದರು. ತಮಗೆ ಅನುಕೂಲವಾದ ಕೆಲಸಗಳನ್ನೇ ಆರಿಸಿಕೊಂಡರೆಂಬುದು ಬೇರೆ ಮಾತು. ಅದೇ ವರ್ಷ ಎ.ಎಂ.ಡಿ. ಹಳೆಯ ಸಮಾನಾಂಕಕ್ಕೆ ಮರುಜೀವ ಕೊಟ್ಟು, 1.53 ಗಿಗಾಹರ್ಟ್ಸಿನ ಚಿಪ್ಪಿಗೆ 1800 ಪ್ಲಸ್ ಎಂದು ಹೆಸರಿಟ್ಟಿತು. ಇಂಟೆಲ್ ಏರುತ್ತಲೇ ಹೋಯಿತು. ಹಂತಗಳು 2004ರಲ್ಲಿ ಮೂವತ್ತೊಂದಾದವು. ಅಲ್ಲಿ ಪ್ರಕೃತಿ ಅಡ್ಡ ನಿಂತಿತು. ಚಿಪ್ಪುಗಳು ಕಾವಲಿಯಂತೆ ಕಾಯತೊಡಗಿದವು. ಆ ವರ್ಷದ ಅಕ್ಟೋಬರಿನಲ್ಲಿ ನಾಲ್ಕು ಗಿಗಾಹರ್ಟ್ಸಿನ ಪೆಂಟಿಯಂ 4ನ್ನು ಕೈಬಿಟ್ಟ ಮೇಲೆ, ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಅವರು ಸಮ್ಮೇಳನವೊಂದರ ವೇದಿಕೆಯಲ್ಲಿ ವಿನೋದವಾಗಿ ಮೊಣಕಾಲೂರಿ ಕ್ಷಮೆ ಯಾಚಿಸಿದರು. ಇಪ್ಪತ್ತು ವರ್ಷ ಮೆಗಾಹರ್ಟ್ಸನ್ನೇ ಜಪಿಸುವಂತೆ ಜಗತ್ತಿಗೆ ಕಲಿಸಿದ ಕಂಪನಿ ಅದೇ 2004ರಲ್ಲಿ ತನ್ನ ಚಿಪ್ಪುಗಳ ಹೆಸರಿನಿಂದ ಅದನ್ನು ಕಿತ್ತುಹಾಕಿ ಬರಿಯ ಕ್ರಮಸಂಖ್ಯೆಗಳನ್ನು ಇಟ್ಟಿತು. ಪೆಂಟಿಯಂ 4ರ ವೇಗವನ್ನು ಉತ್ಪ್ರೇಕ್ಷಿಸಲಾಗಿತ್ತೆಂಬ ದಾವೆ 2014ರಲ್ಲಿ ರಾಜಿಯಾಗಿ, ಆರಂಭದ ವರ್ಷಗಳಲ್ಲಿ ಕೊಂಡವರಿಗೆ ತಲಾ ಹದಿನೈದು ಡಾಲರ್ ಗೊತ್ತಾಯಿತು. ಆ ಹೊತ್ತಿಗೆ ಆ ಯಂತ್ರಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು.

ದೂರುವುದೆಲ್ಲ ವ್ಯಾಪಾರ ವಿಭಾಗದವರನ್ನೇ ಎಂದು ಎಂಜಿನಿಯರುಗಳಾದ ನಾವು ಕೈತೊಳೆದುಕೊಳ್ಳುವಂತಿಲ್ಲ. ನಾವು ಹಿಂದೆ ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಉಪಕರಣವೊಂದರ ಗುಣವಿವರ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಪ್ರಯೋಗಾಲಯದಲ್ಲಿ ಒಂದೇ ಒಂದು ಬಾರಿ, ಅತ್ಯಂತ ಅನುಕೂಲ ಸ್ಥಿತಿಯಲ್ಲಿ ಸಿಕ್ಕಿದ ವೇಗವನ್ನು ಬರೆದು ಅದರ ಮುಂದೆ 'ವರೆಗೆ' ಎಂಬ ಪದವನ್ನು ಸೇರಿಸಿದೆವು. ಅದು ಸುಳ್ಳಲ್ಲ. ಕೊಂಡವರಲ್ಲಿ ಯಾರಿಗೂ ಆ ವೇಗ ಸಿಗಲಾರದೆಂದು ನಮಗೆ ತಿಳಿದಿತ್ತು. ಎಸ್.ಪಿ. ರಸ್ತೆಯ ಅಂಗಡಿಯವರ ಸುದ್ದಿ ಕೇಳಿದಂದು ನೆನಪಾದದ್ದು ಈ ಮೂರಕ್ಷರದ ಪದ.

'ವರೆಗೆ' ಎಂಬುದು 56ಕೆ ಮೋಡೆಮ್ಮಿನ ಕಥೆಯೂ ಹೌದು. 1997ರಲ್ಲಿ ಎಕ್ಸ್2, ಕೆ56ಫ್ಲೆಕ್ಸ್ ಎಂದು ಪರಸ್ಪರ ಮಾತೇ ಆಡದ ಎರಡು ಬಗೆಯವು ಮಾರುಕಟ್ಟೆಗೆ ಬಂದು, 1998ರಲ್ಲಿ ವಿ.90 ಎಂಬ ಮಾನಕದಿಂದ ಸಂಧಾನವಾಯಿತು. ಆದರೆ ದೂರವಾಣಿ ತಂತಿಯಲ್ಲಿನ ಶಕ್ತಿಗೆ ಸರ್ಕಾರ ವಿಧಿಸಿದ್ದ ಮಿತಿಯಿಂದಾಗಿ ಈ ದೇಶದಲ್ಲಿ 53.3ನ್ನು ದಾಟುವಂತೆಯೇ ಇರಲಿಲ್ಲ. ಮಾತ್ರವಲ್ಲ, ಅದು ಬಿಟ್ಟುಗಳ ಲೆಕ್ಕ. ಬೈಟಿನಲ್ಲಿ ಹೇಳಿದರೆ ಎಂಟರಿಂದ ಭಾಗಿಸಬೇಕು. ಇನ್ನು ಸ್ಪೀಕರುಗಳ ಮೇಲಿನ ಪಿ.ಎಂ.ಪಿ.ಒ. ವ್ಯಾಟುಗಳನ್ನು ಕುರಿತು ಹೆಚ್ಚು ಹೇಳುವ ಅಗತ್ಯವಿಲ್ಲ. ಅದಕ್ಕೆ ಒಪ್ಪಿತವಾದ ವ್ಯಾಖ್ಯೆಯೇ ಇಲ್ಲದಿರುವುದರಿಂದ ಅಂಗೈಯಗಲದ ಸ್ಪೀಕರಿನ ಮೇಲೂ ಸಾವಿರ ಎಂದು ಬರೆಯಲು ಅಡ್ಡಿಯಿರಲಿಲ್ಲ.

ಇದೆಲ್ಲ ಹಳೆಯ ಕಥೆಯೆಂದು ತಾವು ಭಾವಿಸಬಹುದು. ಚಿಪ್ಪುಗಳ ಜಾಹೀರಾತಿನಲ್ಲಿ ಕಾಣುವ ನ್ಯಾನೋಮೀಟರುಗಳು ಈಗ ಚಿಪ್ಪಿನ ಯಾವ ಭಾಗದ ಉದ್ದವೂ ಅಲ್ಲ, ಕೇವಲ ಪೀಳಿಗೆಯ ಹೆಸರು. ಇಂಟೆಲ್ 2021ರಲ್ಲಿ ತನ್ನ ಸುಧಾರಿತ ಹತ್ತು ನ್ಯಾನೋಮೀಟರ್ ಪದ್ಧತಿಗೆ 'ಇಂಟೆಲ್ 7' ಎಂದು ಮರುನಾಮಕರಣ ಮಾಡಿ ಮೂಲಮಾನವನ್ನೇ ಬಿಟ್ಟುಬಿಟ್ಟಿತು. ಎ.ಎಂ.ಡಿ.ಯ ಬುಲ್‌ಡೋಜರ್ ಚಿಪ್ಪಿನಲ್ಲಿ ಎಂಟು ಕೋರುಗಳಿವೆಯೋ, ಜೋಡಿಜೋಡಿಯಾಗಿ ಕೆಲವು ಅಂಗಗಳನ್ನು ಹಂಚಿಕೊಂಡ ನಾಲ್ಕೇ ಇವೆಯೋ ಎಂಬ ದಾವೆ 2019ರಲ್ಲಿ 121 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು. ಕೋರು ಎಂದರೇನೆಂಬ ಪ್ರಶ್ನೆಗೆ ನ್ಯಾಯಾಲಯದ ತೀರ್ಪು ಬರಲೇ ಇಲ್ಲ.

ಸಭೆಗೆ ಮೊದಲು ಕೂಟದ ಹಿರಿಯ ಸದಸ್ಯರೊಬ್ಬರು ತಮ್ಮ ಮೊಮ್ಮಗನಿಗಾಗಿ ಕೊಳ್ಳಬೇಕಾದ ಹೊರಡಿಸ್ಕಿನ ಬಗ್ಗೆ ವಿಚಾರಿಸಿ, ಯು.ಎಸ್.ಬಿ. 3.0 ಎಂದು ಬರೆದಿರುವುದಕ್ಕಿಂತ 3.2 ಎಂದು ಬರೆದಿರುವುದು ವೇಗವಾದದ್ದಲ್ಲವೇ ಎಂದು ಕೇಳಿದರು. 2008ರಲ್ಲಿ 3.0 ಎಂದು ಹುಟ್ಟಿದ, ಸೆಕೆಂಡಿಗೆ ಐದು ಗಿಗಾಬಿಟ್ಟಿನ ಆ ಮಾನಕವನ್ನೇ 2013ರಲ್ಲಿ 3.1 ಜೆನ್ 1 ಎಂದೂ, 2017ರಲ್ಲಿ 3.2 ಜೆನ್ 1 ಎಂದೂ ಕರೆದರು. ವೇಗ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದ್ದರಿಂದ ಸೆಕೆಂಡಿಗೆ ಎಷ್ಟು ಗಿಗಾಬಿಟ್ಟು ಎಂದು ಎಲ್ಲಿಯಾದರೂ ಬರೆದಿದೆಯೇ ನೋಡಿ ಎಂದು ಅವರಿಗೆ ತಿಳಿಸಿದೆವು. ಜೊತೆಗೆ, ಈ ಸಲ ಮರೆಯದೆ, ಎರಡು ಟೆರಾಬೈಟಿನ ಡಿಸ್ಕು ಮನೆಯಲ್ಲಿ 1.8 ಎಂದು ತೋರಿಸೀತು, ಅಂಗಡಿಯವರನ್ನು ಬಯ್ಯಬೇಡಿರೆಂದೂ ಹೇಳಿದೆವು.